ಅನಸ್ತೇಷಿಯಾ ಓದಬೇಕೆಂದಿರುವ ನರ್ಸ್ ತಂಗಿಯರಿಗೆ

ಅಮೆರಿಕದಲ್ಲಿ ಆಪರೇಷನ್ ವೇಳೆ ಅರಿವಳಿಕೆ ಕೊಡುವವರು ಡಾಕ್ಟರೇ ಆಗಿರಬೇಕೆಂದಿಲ್ಲ. ಎಷ್ಟೋ ಕಡೆ, ಅದರಲ್ಲೂ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ, ಈ ಕೆಲಸ ನರ್ಸ್‌ಗಳದ್ದು. ಅವರನ್ನು ಸಿಆರ್‌ಎನ್‌ಎ (ಸರ್ಟಿಫೈಡ್ ರಿಜಿಸ್ಟರ್ಡ್ ನರ್ಸ್ ಅನಸ್ತೆಟಿಸ್ಟ್) ಅಂತಾರೆ. ನಾನೀಗ ಒಹಾಯೊದಲ್ಲಿ ಅದನ್ನೇ ಓದುತ್ತಿದ್ದೇನೆ. ಮಂಗಳೂರು, ಬೆಂಗಳೂರು ಕಡೆಯ ತಂಗಿಯರು ಮೆಸೇಜ್ ಮಾಡಿ ಕೇಳುತ್ತಾರೆ: "ಅಕ್ಕಾ, ಇದು ನಮ್ಮ ಕೈಲೂ ಆಗುತ್ತಾ?" ಆಗುತ್ತೆ. ಆದರೆ ಒಂದು ವಿಷಯ ಮೊದಲೇ ಗೊತ್ತಿರಬೇಕು.

ಈ ಕೋರ್ಸಿಗೆ ಸೇರಲು ಕನಿಷ್ಠ 1 ವರ್ಷ ಪೂರ್ಣಾವಧಿ ಐಸಿಯು ಕೆಲಸ ಮಾಡಿರಬೇಕು. ಆ ಅನುಭವ ಅಮೆರಿಕದ ನೆಲದ್ದೇ ಆಗಿರಬೇಕು, ಇಲ್ಲವೇ ಹೊರಗಿರುವ ಅವರ ಸೇನಾ ಆಸ್ಪತ್ರೆಯದ್ದಾಗಿರಬೇಕು. ಊರಲ್ಲಿ ವರ್ಷಗಟ್ಟಲೆ ವೆಂಟಿಲೇಟರ್ ಪಕ್ಕ ನೈಟ್ ಡ್ಯೂಟಿ ಮಾಡಿದ್ದರೂ ಅರ್ಜಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಯಾಕೆ ಅಂದರೆ, ಇಲ್ಲಿ ನನ್ನನ್ನು ಕಾಪಾಡುತ್ತಿರುವುದೇ ಆ ಊರಿನ ಅನುಭವ.

ರೋಗಿಯನ್ನು ನಿದ್ದೆಗೆ ಕಳಿಸಲು ಪ್ರೊಪೊಫಾಲ್ ಎಂಬ ಔಷಧಿ ಕೊಟ್ಟ ಕೂಡಲೇ ಸಾಮಾನ್ಯವಾಗಿ ಉಸಿರು ನಿಲ್ಲುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕುವವರೆಗೆ ಅವರ ಉಸಿರು ನಮ್ಮ ಕೈಯಲ್ಲಿ. ಎಡಗೈಯಲ್ಲಿ ಮಾಸ್ಕ್ ಒತ್ತಿ ಹಿಡಿದು, ದವಡೆ ಮೇಲೆತ್ತಿ, ಬಲಗೈಯಲ್ಲಿ ಉಸಿರು ಕೊಡುವ ಬ್ಯಾಗ್ ಒತ್ತಬೇಕು. ನೋಡಲು ಸುಲಭ, ಮಾಡಲು ಕಷ್ಟ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿಗೆ ಆಂಬ್ಯುಲೆನ್ಸ್‌ನಲ್ಲಿ ಆಂಬು ಬ್ಯಾಗ್ ಒತ್ತುತ್ತಾ ಬಂದ ನರ್ಸ್‌ಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾ? ಎದೆ ಏಳುತ್ತಿದೆಯಾ, ತುಟಿಯ ಬಣ್ಣ ಹೇಗಿದೆ ಅಂತ ನೋಡುವ ಕಣ್ಣು ನಮ್ಮವರಿಗೆ ಮೊದಲೇ ಇರುತ್ತದೆ.

ಕಲಿಯಬೇಕಾದ್ದು ನಿರ್ಧಾರ ಮಾಡುವುದನ್ನು. ಹಿಂದಿನ ರಾತ್ರಿಯೇ ಮರುದಿನದ ಕೇಸುಗಳಿಗೆ ಪ್ಲಾನ್ ಬರೆದು, ಜೊತೆಗಿರುವ ಹಿರಿಯ ಸಿಆರ್‌ಎನ್‌ಎಗೆ ಫೋನ್ ಮಾಡಿ ಹೇಳುತ್ತೇವೆ. ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಯಾವ ಔಷಧಿ, ಎಷ್ಟು, ಯಾಕಷ್ಟು? ಕಿಡ್ನಿ ಸರಿಯಿಲ್ಲದಿದ್ದರೆ? ಬಿಪಿ ಬಿದ್ದರೆ? ಟ್ಯೂಬ್ ಹೋಗದಿದ್ದರೆ ಮುಂದೇನು, ಅದೂ ಆಗದಿದ್ದರೆ? "ಸರ್, ಏನು ಕೊಡಲಿ?" ಅಂತ ಕೇಳಿ ಕೇಳಿ ಬೆಳೆದ ನಮಗೆ ಇದೇ ದೊಡ್ಡ ಬದಲಾವಣೆ. ಡೋಸ್ ಬಾಯಿಪಾಠ ಮಾಡಿದರೆ ಸಾಲದು. ಆ ಔಷಧಿ ದೇಹದಲ್ಲಿ ಎಲ್ಲಿ ಹೋಗಿ ಏನು ಮಾಡುತ್ತದೆ ಅನ್ನುವುದು ತಿಳಿದಿರಬೇಕು. ಇಷ್ಟು ಗೌರವದಿಂದ ನರ್ಸ್‌ಗಳನ್ನು ಯಾರೂ ಪ್ರಶ್ನೆ ಕೇಳಿದ್ದು ನಾನು ಮೊದಲು ಕಂಡಿರಲಿಲ್ಲ.

2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಮಾಡಬೇಕು. ಮೊದಲು ಮಾಸ್ಟರ್ಸ್ ಸಾಕಿತ್ತು. ಈಗ ಸುಮಾರು 3 ವರ್ಷ ಹಿಡಿಯುತ್ತದೆ. ಕನಿಷ್ಠ 600 ಕೇಸು, 2,000 ಗಂಟೆ ಕ್ಲಿನಿಕಲ್ ಅಂದರೆ ಆಸ್ಪತ್ರೆಯ ತರಬೇತಿ, ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ.

ಇದು ಈಚೆಗೆ ಹುಟ್ಟಿದ ಕೆಲಸವೇನೂ ಅಲ್ಲ. ಮಿನೆಸೋಟಾದ ರಾಚೆಸ್ಟರ್‌ನಲ್ಲಿ ಸರ್ಜನ್‌ಗಳಾದ ಮೇಯೋ ಸಹೋದರರ ಜೊತೆಗಿದ್ದ ಆಲಿಸ್ ಮಗಾವ್ ಎಂಬ ನರ್ಸ್, ಅರಿವಳಿಕೆಯಿಂದ ಒಂದು ಸಾವೂ ಆಗದ 14,000ಕ್ಕೂ ಹೆಚ್ಚು ಕೇಸುಗಳ ವರದಿಯನ್ನು 1906ರಲ್ಲಿ ಪ್ರಕಟಿಸಿದರು. ಆಗ ಇದ್ದದ್ದು ಮುಖದ ಮೇಲಿನ ಮಾಸ್ಕಿಗೆ ಹನಿ ಹನಿಯಾಗಿ ಈಥರ್ ಬಿಡುವ ಪದ್ಧತಿ. ಇಂದಿನ ಮಾನಿಟರ್ ಯಾವುದೂ ಇರಲಿಲ್ಲ. ರೋಗಿಯ ಜೊತೆ ಮೆಲ್ಲಗೆ ಮಾತಾಡಿ ಧೈರ್ಯ ತುಂಬುತ್ತಾ ನಿದ್ದೆಗೆ ಕಳಿಸುವುದು ಅವರ ರೀತಿ. ಹೆದರಿದ ರೋಗಿಯ ತಲೆ ಹತ್ತಿರ ನಿಂತು ಮಾತಾಡುವಾಗ ನನಗೆ ಅವರ ನೆನಪಾಗುತ್ತದೆ.

ಇನ್ನು ದುಡ್ಡು. ಓದುವಾಗ ಕೆಲಸ ಮಾಡಲು ಪುರುಸೊತ್ತೇ ಇರುವುದಿಲ್ಲ, ಸಂಬಳ ನಿಂತ ಹಾಗೆಯೇ. ಹೆಚ್ಚಿನವರು ಸಾಲ ಮಾಡಿಯೇ ಓದುವುದು. ಆದರೆ 2025ರ ಹೊಸ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಉನ್ನತ ಓದಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲ ಇಲ್ಲ. ಹಾಗಾಗಿ ಐಸಿಯುನಲ್ಲಿ ದುಡಿಯುವಾಗಲೇ ಒಂದಿಷ್ಟು ಕೂಡಿಡಿ. ಇದನ್ನು ಓದಿ ಊರಿಗೆ ಮರಳುತ್ತೇನೆ ಅನ್ನುವವರು ಇನ್ನೊಮ್ಮೆ ಯೋಚಿಸಿ. ನಮ್ಮಲ್ಲಿ ಅರಿವಳಿಕೆ ಡಾಕ್ಟರ್‌ಗಳ ವಿಭಾಗ. ನರ್ಸ್‌ಗಳಿಗೆ ಅಂಥ ಹುದ್ದೆ ಇಲ್ಲ.

ಆ ಐಸಿಯು ಅನುಭವ ಸಿಗಲು ಮೊದಲು ಅಮೆರಿಕದಲ್ಲಿ ನರ್ಸ್ ಆಗಬೇಕಲ್ಲ. ಅಲ್ಲಿನ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಲ್ಲೇ ಬರೆಯಬಹುದು. ವೀಸಾಗೆ ಭಾರತೀಯರ ಸಾಲು ಉದ್ದ, ವರ್ಷಗಳೇ ಬೇಕು. ಅಲ್ಲಿಗೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯವರು ಕಾಂಟ್ರಾಕ್ಟ್ ಮುಂದಿಟ್ಟಾಗ ಖುಷಿಯಲ್ಲಿ ಸುಮ್ನೆ ಸಹಿ ಹಾಕಬೇಡಿ. ಯಾವ ವಾರ್ಡ್ ಕೊಡುತ್ತಾರೆ, ಐಸಿಯುಗೆ ಬದಲಾಯಿಸಿಕೊಳ್ಳಬಹುದಾ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು ಅಂತ ಕೇಳಿ, ಬರವಣಿಗೆಯಲ್ಲೇ ಪಡೆಯಿರಿ. ಅಲ್ಲಿನ ನರ್ಸಿಂಗ್ ಹೋಮ್‌ನಲ್ಲಿ, ಅಂದರೆ ವೃದ್ಧರ ಆರೈಕೆ ಕೇಂದ್ರದಲ್ಲಿ, ಕಳೆದ ವರ್ಷಗಳನ್ನು ಈ ಕೋರ್ಸಿನವರು ಐಸಿಯು ಅನುಭವ ಎಂದು ಒಪ್ಪುವುದಿಲ್ಲ.