ಸರಪಳಿ, ಹಾವು, ರೈಲು: ಕರ್ವ್ ಮೇಲೆ ಓಡಿಸುವಾಗಿನ ಲೆಕ್ಕ

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮೆಶ್‌ಗೆ (ಬಿಂದು, ಮುಖಗಳಿಂದಾದ ಆಕಾರಕ್ಕೆ), ಅದನ್ನು ಕರ್ವ್ ಎಂಬ ಗೆರೆಯುದ್ದಕ್ಕೂ ಬಾಗಿಸುವ ಕರ್ವ್ ಮಾಡಿಫೈಯರ್ ಹಾಕಿದ ಕೂಡಲೇ ಅದು ಎಲ್ಲೋ ಹಾರಿ ಕೂರುತ್ತದೆ, ತಿರುಚಿಕೊಳ್ಳುತ್ತದೆ, ಇಲ್ಲವೇ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಮಾಡಿಫೈಯರ್ ಮಾಡುವ ಲೆಕ್ಕ ಗೊತ್ತಿದ್ದರೆ ಇವ್ಯಾವುವೂ ಒಗಟಲ್ಲ. ಡಿಫಾರ್ಮ್ ಆಕ್ಸಿಸ್ (ಬಾಗಿಸುವ ಅಕ್ಷ) ಎಕ್ಸ್ ಎಂದಿದ್ದರೆ, ಪ್ರತಿ ವರ್ಟೆಕ್ಸ್‌ನ (ಮೆಶ್‌ನ ಬಿಂದುವಿನ) ಎಕ್ಸ್ ಬೆಲೆಯನ್ನು ಅದು ಕರ್ವ್‌ನ ಆರಂಭದಿಂದ ಇರುವ ದೂರ ಎಂದು ಓದುತ್ತದೆ. ವೈ ಮತ್ತು ಝಡ್ ಬೆಲೆಗಳು ಆ ಜಾಗದಲ್ಲಿ ಗೆರೆಯಿಂದ ಎಷ್ಟು ಪಕ್ಕಕ್ಕೆ, ಎಷ್ಟು ಮೇಲಕ್ಕೆ ಎಂಬುದನ್ನು ಹೇಳುತ್ತವೆ.

ಈ ಅಳತೆ ಶುರುವಾಗುವುದು ಕರ್ವ್‌ನ ಒರಿಜಿನ್‌ನಿಂದ, ಅಂದರೆ ಅದರ ಸೊನ್ನೆ ಬಿಂದುವಿನಿಂದ. ಮೆಶ್ ಅಲ್ಲಿಂದ ವೈ ದಿಕ್ಕಿನಲ್ಲಿ 3 ಮೀಟರ್ ಆಚೆ ಇದ್ದರೆ, ಇಡೀ ದಾರಿಯುದ್ದಕ್ಕೂ 3 ಮೀಟರ್ ಪಕ್ಕದಲ್ಲೇ ಸಾಗುತ್ತದೆ. ಕರ್ವ್ ಆರಿಸಿ ಶಿಫ್ಟ್+ಎಸ್ ಒತ್ತಿ ಕರ್ಸರ್ ಟು ಸೆಲೆಕ್ಟೆಡ್ ಕೊಡಿ. ಆಮೇಲೆ ಮೆಶ್ ಆರಿಸಿ ಸೆಲೆಕ್ಷನ್ ಟು ಕರ್ಸರ್. ಎರಡಕ್ಕೂ ಕಂಟ್ರೋಲ್+ಎ ಒತ್ತಿ ರೊಟೇಷನ್ ಮತ್ತು ಸ್ಕೇಲ್ ಅಪ್ಲೈ ಮಾಡಿ. ಅರ್ಧಕ್ಕರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಮೆಶ್ ಹಿಂದುಮುಂದಾಗಿ ಓಡುತ್ತಿದ್ದರೆ ಆಕ್ಸಿಸ್ ಬದಲಿಸುವ ಮುನ್ನ ಎಡಿಟ್ ಮೋಡ್‌ನಲ್ಲಿ ಸ್ವಿಚ್ ಡೈರೆಕ್ಷನ್ ಕೊಟ್ಟು ನೋಡಿ.

ಕೋಲಿನಂತೆ ಸೆಟೆಯುವುದಕ್ಕೆ ಕಾರಣ, ಬಾಗಲು ಅಲ್ಲಿ ವರ್ಟೆಕ್ಸ್‌ಗಳೇ ಇಲ್ಲ. ಎಷ್ಟು ಬೇಕು? 6 ಮೀಟರ್ ಉದ್ದದ ಹಾವು, ದಾರಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ 0.5 ಮೀಟರ್ ಎಂದುಕೊಳ್ಳಿ. 90 ಡಿಗ್ರಿ ತಿರುವಿನ ಕಂಸ ಸುಮಾರು 0.79 ಮೀಟರ್. ಅಲ್ಲಿ 8 ತುಂಡು ಬೇಕೆಂದರೆ ತುಂಡಿಗೆ ಹತ್ತಿರ ಹತ್ತಿರ 0.1 ಮೀಟರ್, ಅಂದರೆ ಇಡೀ ಹಾವಿಗೆ 60 ತುಂಡು, 59 ಲೂಪ್ ಕಟ್ (ಮೈಸುತ್ತಲಿನ ಅಡ್ಡ ಕೊಯ್ತ). ಮೈಯ ತ್ರಿಜ್ಯ 0.2 ಇದ್ದರೆ ತಿರುವಿನ ಒಳಬದಿ 60 ಶೇಕಡಕ್ಕೆ ಕುಗ್ಗಿ, ಹೊರಬದಿ 140 ಶೇಕಡಕ್ಕೆ ಹಿಗ್ಗುತ್ತದೆ. ಟೆಕ್ಸ್ಚರ್ ಎಳೆದಂತೆ ಕಾಣುವುದು ಇದಕ್ಕೇ. ಮೈಯ ತ್ರಿಜ್ಯ ತಿರುವಿನ ತ್ರಿಜ್ಯವನ್ನು ಮೀರಿತೋ, ಒಳಬದಿ ಮಡಚಿ ತನ್ನೊಳಗೇ ತೂರಿಕೊಳ್ಳುತ್ತದೆ. ಎಷ್ಟು ಸಬ್‌ಡಿವೈಡ್ ಮಾಡಿದರೂ ಇದು ಸರಿಹೋಗದು, ತಿರುವನ್ನೇ ಸಡಿಲಿಸಬೇಕು.

ತಿರುಚುವಿಕೆಗೆ ಮದ್ದು ಕರ್ವ್‌ನ ಟ್ವಿಸ್ಟ್ ಮೆಥಡ್‌ನಲ್ಲಿದೆ. ರಸ್ತೆ, ಹಳಿಗಳಿಗೆ ಝಡ್-ಅಪ್ ಒಳ್ಳೆಯದು, ಮೇಲ್ಮೈ ಮಟ್ಟಸವಾಗಿರುತ್ತದೆ. ಆದರೆ ಗೆರೆ ನೆಟ್ಟಗೆ ಮೇಲೇರಿದ ಕಡೆ ಝಡ್-ಅಪ್‌ಗೆ ಯಾವುದು ಮೇಲು ಎಂದೇ ತಿಳಿಯದೆ ಮೆಶ್ ಗಿರಕ್ಕನೆ ತಿರುಗುತ್ತದೆ. ಅಂಥ ದಾರಿಗೆ ಮಿನಿಮಮ್ ಇಡಿ, ಉಳಿದ ಓರೆಯನ್ನು ಬಿಂದುವಿನ ಮೇಲೆ ಕಂಟ್ರೋಲ್+ಟಿ ಒತ್ತಿ ಟಿಲ್ಟ್‌ನಿಂದ ತಿದ್ದಿ.

ಸರಪಳಿಯಲ್ಲಿ, ಕೊಂಡಿಯ ಪ್ರತಿಗಳನ್ನು ಸಾಲಾಗಿ ಇಡುವ ಅರೇ ಮಾಡಿಫೈಯರ್ ಮೊದಲು, ಕರ್ವ್ ಅದರ ಕೆಳಗೆ. ದಾರಿಯ ಉದ್ದಕ್ಕೆ ತಕ್ಕಷ್ಟು ಪ್ರತಿ ಹಾಕುವ ಅರೇಯ ಫಿಟ್ ಕರ್ವ್ ಆಯ್ಕೆ ಅನುಕೂಲವೆನಿಸಿದರೂ ಮುಚ್ಚಿದ ದಾರಿಯಲ್ಲಿ ಕೈಕೊಡುತ್ತದೆ: 6.05 ಮೀಟರ್ ದಾರಿಗೆ 0.12 ಮೀಟರ್ ಅಂತರದ ಕೊಂಡಿಗಳನ್ನು ಜೋಡಿಸಿದರೆ 50 ಹಿಡಿಸಿ 5 ಸೆಂಟಿಮೀಟರ್ ಬಿರುಕು ಉಳಿಯುತ್ತದೆ. ಎಣಿಕೆಯನ್ನು 50 ಎಂದು ಕಟ್ಟಿಹಾಕಿ, ರಿಲೇಟಿವ್ ಆಫ್‌ಸೆಟ್ (ಕೊಂಡಿಯ ಗಾತ್ರಕ್ಕೆ ತಕ್ಕ ಅಂತರ) ತೆಗೆದು, ಕಾನ್‌ಸ್ಟಂಟ್ ಆಫ್‌ಸೆಟ್ (ನಿಗದಿತ ಅಂತರ) 0.121, ಅಂದರೆ 6.05 ÷ 50, ಕೊಡಿ. ದಾರಿಯ ನಿಖರ ಉದ್ದ ಜಿಯಾಮೆಟ್ರಿ ನೋಡ್ಸ್‌ನ ಕರ್ವ್ ಲೆಂಗ್ತ್ ನೋಡ್‌ನಲ್ಲಿ ಸಿಗುತ್ತದೆ. ಸರಪಳಿ ಓಡಿಸಲು ಪೂರ್ತಿ ಒಂದು ಸುತ್ತಿನ ಚಲನೆಗೆ ಕೀಫ್ರೇಮ್ ಹಾಕುವ ಅಗತ್ಯವೇ ಇಲ್ಲ. ಎಕ್ಸ್ ಲೊಕೇಷನ್ 1ನೇ ಫ್ರೇಮ್‌ನಲ್ಲಿ 0, 25ನೇ ಫ್ರೇಮ್‌ನಲ್ಲಿ 0.121, ಇಂಟರ್‌ಪೊಲೇಷನ್ ಲೀನಿಯರ್, ಮೇಲೊಂದು, ಚಲನೆಯನ್ನು ಮರುಕಳಿಸುವ ಸೈಕಲ್ಸ್ ಮಾಡಿಫೈಯರ್ (ಗ್ರಾಫ್ ಎಡಿಟರ್‌ನಲ್ಲಿ). ಒಂದು ಕೊಂಡಿ ಮುಂದಿನದರ ಜಾಗಕ್ಕೆ ಬಂದೊಡನೆ ಹಿಂದಕ್ಕೆ ಜಿಗಿಯುವುದು ಯಾರ ಕಣ್ಣಿಗೂ ಬೀಳದು. ಒಂದು ಅಡ್ಡ, ಒಂದು ನೆಟ್ಟಗೆ ಇರುವ ಕೊಂಡಿಗಳಾದರೆ ಜೋಡಿಯನ್ನೇ ಒಂದು ಮೆಶ್ ಮಾಡಿ: 25 ಜೋಡಿ, ಹೆಜ್ಜೆ 0.242.

ಇಷ್ಟಾದರೂ ಹತ್ತಿರದಿಂದ ನೋಡಿದರೆ ಕಬ್ಬಿಣದ ಕೊಂಡಿ ರಬ್ಬರಿನಂತೆ ಬಾಗಿರುತ್ತದೆ. ಮಾಡಿಫೈಯರ್‌ಗೆ ಲೋಹ, ಮಾಂಸ ಎಂಬ ಭೇದವಿಲ್ಲ. ಗಟ್ಟಿ ವಸ್ತುಗಳಿಗೆ ಹಳೆಯ ಉಪಾಯವೇ ಚೆನ್ನ: ಪುಟ್ಟ ಪ್ಲೇನ್ (ಚಪ್ಪಟೆ ಚೌಕ) ಒಂದಕ್ಕೆ, ಪ್ರತಿಗಳು ಒಂದಕ್ಕೊಂದು ಅಂಟದಂತೆ, ಅರೇ ಮತ್ತು ಕರ್ವ್ ಹಾಕಿ, ಕೊಂಡಿಯನ್ನು ಆ ಪ್ಲೇನ್‌ಗೆ ಪೇರೆಂಟ್ ಮಾಡಿ, ಪ್ಲೇನ್‌ನ ಇನ್‌ಸ್ಟೆನ್ಸಿಂಗ್‌ನಲ್ಲಿ ಫೇಸಸ್ ಆರಿಸಿ. ಬಾಗುವುದು ಪ್ಲೇನ್ ಮಾತ್ರ.

ರೈಲು ಬೋಗಿಗೆ ಕರ್ವ್ ಮಾಡಿಫೈಯರ್ ಬೇಡವೇ ಬೇಡ, ವಸ್ತುವನ್ನು ಬಾಗಿಸದೆ ಗೆರೆಯ ಮೇಲೆ ಓಡಿಸುವ ಫಾಲೋ ಪಾತ್ ಕನ್‌ಸ್ಟ್ರೇಂಟ್ ಸಾಕು. ಆದರೆ ಬೋಗಿಯನ್ನು ಒಂದೇ ಬಿಂದುವಿಗೆ ಕಟ್ಟಿದರೆ ತಿರುವಿನಲ್ಲಿ ಅದರ ತುದಿಗಳು ಹಳಿಯಾಚೆ ಬೀಸುತ್ತವೆ. ಎರಡು ಎಂಪ್ಟಿಗಳನ್ನು (ಆಕಾರವಿಲ್ಲದ ಗುರುತು ಬಿಂದುಗಳನ್ನು) ಚಕ್ರಗಳ ಜಾಗದಲ್ಲಿ ಓಡಿಸಿ, ಎರಡಕ್ಕೂ ಆಲ್ಟ್+ಜಿ ಒತ್ತಿ ಲೊಕೇಷನ್ ಸೊನ್ನೆ ಮಾಡಿ, ಫಿಕ್ಸ್ಡ್ ಪೊಸಿಷನ್ ಗುರುತು ಹಾಕಿ. 240 ಮೀಟರ್ ಹಳಿಯಲ್ಲಿ ಚಕ್ರಗಳ ನಡುವೆ 12 ಮೀಟರ್ ಇದ್ದರೆ ಎರಡರ ಆಫ್‌ಸೆಟ್ ಫ್ಯಾಕ್ಟರ್‌ಗಳ ವ್ಯತ್ಯಾಸ 0.05. ಬೋಗಿಯ ಒರಿಜಿನ್ ಹಿಂದಿನ ಚಕ್ರದ ಮೇಲಿರಲಿ. ಅದು ಹಿಂದಿನ ಎಂಪ್ಟಿಯ ಲೊಕೇಷನ್ ಕಾಪಿ ಮಾಡಿ, ಮುಂದಿನದರ ಕಡೆಗೆ ಟ್ರ್ಯಾಕ್ ಟು ಕನ್‌ಸ್ಟ್ರೇಂಟ್‌ನಿಂದ ಮುಖ ಮಾಡಬೇಕು.