ಯಾವ ಲೈಸೆನ್ಸು ಅಂತ ಕೇಳದೆ ‘ಬಿಡಮ್ಮ’ ಅಂದಿದ್ದೆ

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಲೆಟಿಂಗ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಮಾಲೀಕರ ಪರವಾಗಿ ಮನೆ ಬಾಡಿಗೆಗೆ ಕೊಡುವುದು, ಬಾಡಿಗೆ ಬಂತಾ ನೋಡುವುದು, ಬಾಯ್ಲರ್ ಕೆಟ್ಟರೆ ಪ್ಲಂಬರ್ ಕಳಿಸುವುದು, ಕೀ ಕಳೆದುಕೊಂಡವರಿಗೆ ಮಳೆಯಲ್ಲಿ ಹೋಗಿ ಕೀ ಕೊಡುವುದು. ತುಮಕೂರಿನಲ್ಲಿ ಅಮ್ಮ ಎಲ್ಲರಿಗೂ "ಮಗಳು ಲಂಡನ್ ಹತ್ರ ರಿಯಲ್ ಎಸ್ಟೇಟ್ ಮಾಡ್ತಾಳೆ" ಅನ್ನುತ್ತಾಳೆ. ಕೇಳಿದವರು ನನಗೆ ಫೋನ್ ಮಾಡಿ ಸೈಟ್ ರೇಟ್ ವಿಚಾರಿಸುತ್ತಾರೆ.

ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ಇನ್ನೂ ಚುಚ್ಚುತ್ತದೆ. ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಆಗಿಹೋದ ತಪ್ಪು.

2024ರ ನವೆಂಬರ್. ಸಂಜೆ ಆರೂಕಾಲು, ಹೊರಗೆ ಆಗಲೇ ಗವ್ವೆನ್ನುವ ಕತ್ತಲು. ಆಫೀಸ್ ಬಾಗಿಲು ಹಾಕುತ್ತಿದ್ದೆ. ಫೋನ್ ಬಂತು.

"ಅಕ್ಕಾ, ಲೈಸೆನ್ಸ್ ಆಫೀಸರ್ ಬಂದಾರ. ಬಾಗಲಾಗ ನಿಂತಾರ. ಒಳಗ ಬಿಡ್ಲೇನು?"

ಧಾರವಾಡದ ಕಡೆಯ ಹುಡುಗಿ. ಗಂಡ ಕೇರ್ ಹೋಮಿನಲ್ಲಿ ಕೆಲಸಕ್ಕಿದ್ದಾನೆ, ಆಗಷ್ಟೇ ನೈಟ್ ಶಿಫ್ಟಿಗೆ ಹೊರಟಿದ್ದ. ಆರು ಜನ ಇರುವ ಮನೆ. ಗಂಡ ಹೆಂಡತಿಗೆ ಒಂದು ರೂಮು, ಮಿಕ್ಕ ರೂಮುಗಳಲ್ಲಿ ಬೇರೆ ಬೇರೆ ಊರಿನವರು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಇಂಥ ಮನೆಗೆ ಇಲ್ಲಿ ಎಚ್‌ಎಂಒ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಕುಟುಂಬದ ಐದು ಅಥವಾ ಜಾಸ್ತಿ ಜನ ಹೀಗೆ ಹಂಚಿಕೊಂಡು ಇದ್ದರೆ ಮಾಲೀಕರು ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಲೈಸೆನ್ಸ್ ಪಡೆಯಲೇಬೇಕು. ಆ ಮನೆಯ ಲೈಸೆನ್ಸ್ ನವೀಕರಣಕ್ಕೆ ನಾನೇ ಅರ್ಜಿ ಹಾಕಿದ್ದೆ. ಕೌನ್ಸಿಲ್‌ನವರು ಇವತ್ತು ಬರುತ್ತಾರೋ ನಾಳೆ ಬರುತ್ತಾರೋ ಅಂತ ಕಾಯುತ್ತಿದ್ದೆ. ತಲೆ ತುಂಬಾ ಅದೇ ಲೈಸೆನ್ಸು.

"ಬಿಡಮ್ಮ, ಬಿಡಲೇಬೇಕು. ಏನು ಕೇಳ್ತಾರೋ ಎಲ್ಲ ತೋರಿಸು" ಅಂದೆ.

ಕೌನ್ಸಿಲ್ ಅಧಿಕಾರಿಯಾಗಿದ್ದರೆ ನಾನು ಹೇಳಿದ್ದರಲ್ಲಿ ದೊಡ್ಡ ತಪ್ಪಿರಲಿಲ್ಲ. 2004ರ ಹೌಸಿಂಗ್ ಆಕ್ಟ್ ಅವರಿಗೆ ನಿಜವಾದ ಅಧಿಕಾರ ಕೊಟ್ಟಿದೆ. ಸಾಮಾನ್ಯವಾಗಿ 24 ಗಂಟೆ ಮೊದಲು ನೋಟಿಸ್ ಕೊಟ್ಟು ಬರಬೇಕು. ಲೈಸೆನ್ಸ್ ಇಲ್ಲದೆ ಎಚ್‌ಎಂಒ ನಡೆಸುತ್ತಿದ್ದಾರೆ ಅನ್ನುವಂಥ ಅನುಮಾನ ಇದ್ದರೆ ನೋಟಿಸ್ ಇಲ್ಲದೆಯೂ ಬರಬಹುದು. ಸರಿಯಾದ ಕಾರಣ ಇಲ್ಲದೆ ಅವರನ್ನು ತಡೆದರೆ ಅದೇ ಒಂದು ಅಪರಾಧ.

ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಫೋನ್. "ಅಕ್ಕಾ, ಸೈನ್ ಮಾಡಿಸ್ಕೊಂಡು ಹೋದ್ರು. ಟಿವಿ ನೋಡಾಕೂ ಲೈಸೆನ್ಸ್ ಬೇಕಂತಲ್ಲ ಇಲ್ಲಿ?"

ಬಸ್ಸಿನಲ್ಲಿದ್ದೆ. ಕಿವಿ ಬಿಸಿಯಾಯಿತು.

ಊರಿನಲ್ಲಿರುವವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲೂ ಇತ್ತು ಅಲ್ವಾ? ತಾತನ ಕಾಲದಲ್ಲಿ ರೇಡಿಯೋಗೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದರು, ಎಂಬತ್ತರ ದಶಕದಲ್ಲಿ ಅದು ಹೋಯಿತು. ಬ್ರಿಟನ್ನಿನಲ್ಲಿ ಇನ್ನೂ ಇದೆ. ಬಿಬಿಸಿ ನಡೆಯುವುದು ಬಹುಪಾಲು ಆ ದುಡ್ಡಿನಿಂದಲೇ. ಆಗ ವರ್ಷಕ್ಕೆ 169.50 ಪೌಂಡ್ ಇತ್ತು, 2025ರ ಏಪ್ರಿಲ್‌ನಲ್ಲಿ 174.50 ಆಯಿತು.

ನಮ್ಮವರು ಎಡವುವುದು ಇಲ್ಲೇ. "ನಾವು ಬಿಬಿಸಿ ನೋಡಲ್ಲ, ನಮಗ್ಯಾಕೆ?" ಅನ್ನುತ್ತಾರೆ. ನಿಯಮ ಹಾಗಿಲ್ಲ. ಯಾವುದೇ ಚಾನೆಲ್ ಆಗಲಿ, ಅದು ಪ್ರಸಾರ ಆಗುತ್ತಿರುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ಬೇರೆ ದೇಶದ ಚಾನೆಲ್ ಆದರೂ ಬೇಕು, ಫೋನಿನಲ್ಲಿ ನೋಡಿದರೂ ಬೇಕು. 2016ರ ಸೆಪ್ಟೆಂಬರ್‌ನಿಂದ ಬಿಬಿಸಿಯ ಆನ್‌ಲೈನ್ ಸೇವೆಯಾದ ಐಪ್ಲೇಯರ್‌ನಲ್ಲಿ ಹಳೆಯ ಕಾರ್ಯಕ್ರಮ ನೋಡುವುದಕ್ಕೂ ಬೇಕು. ಯೂಟ್ಯೂಬಿನಲ್ಲಿ ಅಡುಗೆ ವಿಡಿಯೋ, ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ, ಇಂಥವಕ್ಕೆ ಬೇಡ. ಅಂದರೆ ಸಂಜೆ ಬಾಕ್ಸ್ ಹಾಕಿಕೊಂಡು ಕನ್ನಡ ನ್ಯೂಸ್ ಚಾನೆಲ್ ಲೈವ್ ನೋಡುವವರು ಲೈಸೆನ್ಸ್ ಕಟ್ಟಲೇಬೇಕು. ಈ ಹುಡುಗಿ ದಿನಾ ಅದನ್ನೇ ನೋಡುತ್ತಿದ್ದಳು, ಊರಿನ ಸದ್ದು ಮನೆಯಲ್ಲಿ ಇರಲಿ ಅಂತ.

ಮಾರನೇ ದಿನ ಮನೆಗೆ ಹೋದೆ. ನಡೆದದ್ದನ್ನು ಅವಳು ಒಂದೊಂದಾಗಿ ಹೇಳಿದಳು. ಬಂದವರು ಜೋರು ಮಾಡಲಿಲ್ಲ. ಕಾರ್ಡ್ ತೋರಿಸಿದರು. "ಒಳಗೆ ಬರಬಹುದಾ?" ಅಂತ ಕೇಳಿದರು. ಇವಳು "ಒಂದು ನಿಮಿಷ" ಅಂತ ನನಗೆ ಫೋನ್ ಮಾಡಿದಳು. ಆಮೇಲೆ ಒಳಗೆ ಕರೆದು ಕುರ್ಚಿ ಹಾಕಿ ಚಹಾ ಇಟ್ಟಳು. ಅವರು ಒಂದು ಫಾರಂ ತೆಗೆದು, "ನೀವು ಏನೂ ಹೇಳಲೇಬೇಕು ಅಂತಿಲ್ಲ" ಅಂತ ಶುರುವಾಗುವ ಒಂದು ಒಕ್ಕಣೆ ಓದಿದರು. ಪೊಲೀಸರು ಹೇಳಿಕೆ ತೆಗೆದುಕೊಳ್ಳುವ ಮೊದಲು ಓದುವ ಅದೇ ಎಚ್ಚರಿಕೆ. ಇವಳು ಅದನ್ನು ವಿಮಾನದಲ್ಲಿ ಸೀಟ್ ಬೆಲ್ಟ್ ಬಗ್ಗೆ ಹೇಳುತ್ತಾರಲ್ಲ, ಅಂಥದ್ದೇನೋ ಅಂದುಕೊಂಡಳು. ಟಿವಿ ಯಾವಾಗ ನೋಡಿದಿರಿ ಅಂದಾಗ ದಿನಾ ನೋಡುತ್ತೇನೆ ಅಂದಳು. ಬಾಕ್ಸ್ ಹಾಕಿ ತೋರಿಸಿಯೂ ಕೊಟ್ಟಳು, ನಾನು ಎಲ್ಲ ತೋರಿಸು ಅಂದಿದ್ದೆನಲ್ಲ. ಕೊನೆಗೆ ಸಹಿ.

"ಚಾ ಮಾತ್ರ ಕುಡೀಲಿಲ್ರಿ ಅವ್ರು. ಸಕ್ರಿ ಜಾಸ್ತಿ ಆಗಿತ್ತೇನೋ" ಅಂದಳು.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನ್ನ ತಲೆಯಲ್ಲಿ ಕೂತಿದ್ದು ಅವರು ಕೇಳಿದ ಆ ಒಂದು ಮಾತು. "ಒಳಗೆ ಬರಬಹುದಾ?" ಅಧಿಕಾರ ಇದ್ದವರು ಹಾಗೆ ಕೇಳುತ್ತಾರಾ? ಮನೆಯವರು ‘ಬೇಡ’ ಅನ್ನಬಹುದು, ಅದಕ್ಕೇ ಅವರು ಕೇಳಿದ್ದು. ಅವರ ಕಡೆಯಿಂದ ತಪ್ಪೇ ಆಗಿಲ್ಲ. ಬಾಗಿಲು ತೆಗೆಸಿದ್ದು ನಾನು, ಅದೂ ಒಂದು ಮೈಲಿ ದೂರ ಕೂತು.

ಟಿವಿ ಲೈಸೆನ್ಸ್ ವಿಚಾರಿಸಲು ಬರುವವರು ಪೊಲೀಸರಲ್ಲ. ಬಿಬಿಸಿ ಗುತ್ತಿಗೆ ಕೊಟ್ಟ ಕಂಪನಿಯ ನೌಕರರು. ಬಾಗಿಲು ತಟ್ಟುವುದಕ್ಕೆ ಅವರಿಗೆ ಇರುವುದು ಪೋಸ್ಟ್‌ಮ್ಯಾನಿಗೆ, ಪಕ್ಕದ ಮನೆಯವರಿಗೆ ಇರುವಷ್ಟೇ ಅನುಮತಿ. ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೆ ಗೇಟ್ ದಾಟಿ ಬಂದು ಬೆಲ್ ಒತ್ತಬಹುದು ಅಂತ ಕಾನೂನು ಭಾವಿಸುತ್ತದೆ. ಮನೆಯವರು ‘ಹೋಗಿ’ ಅಂದ ಗಳಿಗೆ ಅದು ಮುಗಿಯಿತು. 1967ರ ರಾಬ್ಸನ್ ಮತ್ತು ಹ್ಯಾಲೆಟ್ ಪ್ರಕರಣದಲ್ಲಿ ಪೊಲೀಸರ ವಿಷಯದಲ್ಲೇ ಕೋರ್ಟು ಇದನ್ನು ಹೇಳಿತು. ಮಗ ಪೊಲೀಸ್ ಸಾರ್ಜೆಂಟನ್ನು ಒಳಗೆ ಬಿಟ್ಟಿದ್ದ, ಅಪ್ಪ ಹೊರಗೆ ಹೋಗಿ ಅಂದ. ಅಂದ ಮೇಲೆ ಹೊರಡಬೇಕು, ಆದರೆ ಬಾಗಿಲವರೆಗೆ ನಡೆದು ಹೋಗುವಷ್ಟು ಹೊತ್ತು ಕೊಡಬೇಕು. ಸಾರ್ಜೆಂಟ್ ಹೊರಟಿದ್ದಾಗಲೇ ಮನೆಯವರು ಅವನ ಮೇಲೆ ಎರಗಿದ್ದು ತಪ್ಪು ಅಂತ ತೀರ್ಪಾಯಿತು.

ಹಾಗಾದರೆ ಅವರು ಬಲವಂತವಾಗಿ ಬರುವುದೇ ಇಲ್ಲವಾ? ಬರಬಹುದು, ಸರ್ಚ್ ವಾರಂಟ್ ತಂದರೆ. 2003ರ ಕಮ್ಯೂನಿಕೇಷನ್ಸ್ ಆಕ್ಟ್ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡಿ, ಅಪರಾಧ ನಡೆದಿದೆ ಅನ್ನುವುದಕ್ಕೆ ಆಧಾರ ತೋರಿಸಿ ತರಬೇಕು. ಒಂದು ತಿಂಗಳು ಮಾತ್ರ ನಡೆಯುತ್ತದೆ. ವಾರಂಟ್ ತಂದವರನ್ನು ತಡೆಯುವ ಹಾಗಿಲ್ಲ. ಕೈಯಲ್ಲಿ ವಾರಂಟ್ ಇಲ್ಲದಿದ್ದರೆ "ಬೇಡ, ಥ್ಯಾಂಕ್ಸ್" ಅಂತ ಬಾಗಿಲು ಹಾಕಬಹುದು. ಹೆಸರು ಹೇಳಲೇಬೇಕು ಅಂತಲೂ ಇಲ್ಲ, ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಲೂ ಇಲ್ಲ. (ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಕಾನೂನು ಬೇರೆ.)

ಆದರೆ ನಮ್ಮ ಮನೆಗಳಲ್ಲಿ ಬಾಗಿಲು ಹಾಕುವ ಅಭ್ಯಾಸ ಎಲ್ಲಿದೆ? ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿದರೆ ಅಮ್ಮ ಬೈಯುತ್ತಾಳೆ. ಅದರ ಮೇಲೆ ಕುತ್ತಿಗೆಗೆ ಕಾರ್ಡ್ ನೇತುಹಾಕಿಕೊಂಡವರು, ವೀಸಾದ ಭಯ ಬೇರೆ. ಬೇಡ ಅಂದರೆ ಎಲ್ಲಿ ಫೈಲಿಗೆ ಬರೆದುಬಿಡುತ್ತಾರೋ ಅಂತ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಟಿವಿ ಲೈಸೆನ್ಸ್ ಇಲ್ಲದ್ದಕ್ಕೆ ಶಿಕ್ಷೆಯಾಗುವವರಲ್ಲಿ ಹತ್ತಕ್ಕೆ ಏಳರಷ್ಟು ಹೆಂಗಸರು. ಹೆಂಗಸರು ಜಾಸ್ತಿ ಟಿವಿ ನೋಡುತ್ತಾರೆ ಅಂತಲ್ಲ. ಬೆಲ್ ಆದಾಗ ಮನೆಯಲ್ಲಿದ್ದು ಬಾಗಿಲು ತೆಗೆಯುವವರು ಅವರು. ಸಹಿ ಅವರದ್ದೇ ಬೀಳುತ್ತದೆ. ದಂಡ 1,000 ಪೌಂಡ್‌ವರೆಗೆ ಹೋಗಬಹುದು.

ಆ ಹುಡುಗಿ ಅದೇ ವಾರ ಲೈಸೆನ್ಸ್ ತೆಗೆದುಕೊಂಡಳು, ತಿಂಗಳ ಕಂತಿನಲ್ಲಿ. ಕೋರ್ಟ್ ಕಾಗದ ಬರಲಿಲ್ಲ. ಬರುವುದಿಲ್ಲ ಅಂತ ಖಾತ್ರಿಯಾಗುವವರೆಗೆ ಗಂಡ ಹೆಂಡತಿ ಪೋಸ್ಟ್ ಬಿದ್ದ ಸದ್ದಿಗೆ ಮೆಟ್ಟಿಲಿಳಿದು ಓಡುತ್ತಿದ್ದರು. ಬ್ರಿಟಿಷ್ ವೀಸಾ ಅರ್ಜಿಯಲ್ಲಿ ಶಿಕ್ಷೆಯಾಗಿದೆಯಾ ಅನ್ನುವ ಪ್ರಶ್ನೆ ಇರುತ್ತದೆ. ಅವರಿಗಿದ್ದ ಹೆದರಿಕೆ ಅದು.

ನಮ್ಮ ಆಫೀಸಿನಲ್ಲಿ ಆಮೇಲೆ ಒಂದು ಸಣ್ಣ ಬದಲಾವಣೆ ಆಯಿತು. ಬಾಗಿಲಲ್ಲಿ ಯಾರೋ ಇದ್ದಾರೆ ಅಂತ ಬಾಡಿಗೆದಾರರು ಫೋನ್ ಮಾಡಿದರೆ ಮೊದಲು ಕಾರ್ಡಿನಲ್ಲಿ ಏನು ಬರೆದಿದೆ ಓದಿಸುತ್ತೇವೆ. ಕೌನ್ಸಿಲ್ಲಾ, ಟಿವಿ ಲೈಸೆನ್ಸಾ, ಸಾಲ ವಸೂಲಿಗೆ ಬಂದ ಬೇಲಿಫಾ, ಗ್ಯಾಸ್ ಮೀಟರಿನವರಾ, ಒಬ್ಬೊಬ್ಬರ ಅಧಿಕಾರ ಒಂದೊಂದು ಥರ. ತುರ್ತು ಇಲ್ಲದಿದ್ದರೆ ಮೀಟರಿನವರು ಕೂಡ ಒಪ್ಪಿಗೆ ಇಲ್ಲದೆ ಬರಲು 1954ರ ಕಾಯ್ದೆಯ ಪ್ರಕಾರ ವಾರಂಟ್ ತರಬೇಕು. ‘ಬಿಡಿ’, ‘ಬಿಡಬೇಡಿ’ ಅಂತ ನಾವು ಹೇಳುವುದನ್ನು ನಿಲ್ಲಿಸಿದ್ದೇವೆ. ಇಂಥವರು, ಇಷ್ಟು ಅಧಿಕಾರ, ತೀರ್ಮಾನ ನಿಮ್ಮದು ಅನ್ನುತ್ತೇವೆ.

ಕೆಲವು ಬಾಡಿಗೆದಾರರು ಮುಂದೆ ಹೋಗಿ, ಇನ್ನು ಬರಲೇಬೇಡಿ ಅಂತ ಕಾಗದ ಬರೆಯಬಹುದಂತಲ್ಲ ಅಂತ ಕೇಳುತ್ತಾರೆ. ಬರೆಯಬಹುದು. ಆ ಭಾವಿಸಿಕೊಂಡ ಅನುಮತಿಯನ್ನು ಹಿಂದಕ್ಕೆ ಪಡೆದಿದ್ದೇನೆ ಅಂತ ಮನೆಯಲ್ಲಿರುವವರು ಬರೆಯಬೇಕು. ಒಬ್ಬರು ಕೇಳಿದರು ಅಂತ ನಾನು ಆಫೀಸಿನ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಲು ಕೂತಿದ್ದೆ. ಮ್ಯಾನೇಜರ್ ಹಿಂದಿನಿಂದ ನೋಡಿ, "ಆ ಮನೆಯಲ್ಲಿ ನೀನು ಇದ್ದೀಯಾ?" ಅಂದರು. ಎದ್ದು ಕಾಫಿ ಮಾಡಿಕೊಂಡೆ.

ನನ್ನನ್ನು ಕೇಳಿದರೆ ಆ ಕಾಗದಕ್ಕೆ ಜನ ಕೊಡುವ ಮಹತ್ವ ಜಾಸ್ತಿಯಾಯಿತು. ಅದು ವಾರಂಟನ್ನು ತಡೆಯುವುದಿಲ್ಲ. ಲೈವ್ ನೋಡುವುದಿಲ್ಲ ಅಂದರೆ ಲೈಸೆನ್ಸ್ ಬೇಡ ಅಂತ ಆನ್‌ಲೈನ್‌ನಲ್ಲಿ ತಿಳಿಸಿದರೆ ಆಯಿತು. ನೋಡುತ್ತೀರಾದರೆ ದುಡ್ಡು ಕಟ್ಟಿ. ಸುಮ್ನೆ ದಿನಾ ಮ್ಯಾಚ್ ನೋಡಿ ಬಾಗಿಲಲ್ಲಿ ಹಕ್ಕಿನ ಭಾಷಣ ಮಾಡುವವರ ಮೇಲೆ ನನಗೆ ಅಂಥ ಮರುಕ ಇಲ್ಲ.

ಈ ವರ್ಷ ಮಾರ್ಚಿನಲ್ಲಿ ಅದೇ ಮನೆಗೆ ಇನ್‌ಸ್ಪೆಕ್ಷನ್ ಇತ್ತು. ರೂಮಿನ ಗೋಡೆಗೆ ತೇವ ಹಿಡಿದಿದೆ ಅಂತ ದೂರು. ನಮಗೂ ನಿಯಮ ಇದೆ, 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಆಕ್ಟ್. ರಿಪೇರಿ ಏನಿದೆ ಅಂತ ನೋಡಲು ಹೋಗುವ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು. ತಿಳಿಸಿದ್ದೆ. ಹೋಗಿ ರೂಮಿನ ಬಾಗಿಲು ತಟ್ಟಿದೆ. ಚೈನ್ ಹಾಕಿಕೊಂಡೇ ನಾಲ್ಕು ಬೆರಳಷ್ಟು ಬಾಗಿಲು ತೆರೆಯಿತು. ಒಳಗೆ ಕನ್ನಡ ನ್ಯೂಸ್ ಜೋರಾಗಿ ಓಡುತ್ತಿತ್ತು.

"ಒಳಗೆ ಬರಬಹುದಾ?" ಅಂದೆ.

ಫೋನ್ ತೆಗೆದು ನನ್ನದೇ ಮೆಸೇಜು ನೋಡಿದಳು. "ನೋಟಿಸ್ ನಾಳಿಗೆ ಅದ ಅಲ್ರಿ ಅಕ್ಕಾ. ಗುರುವಾರ ಅಂತ ಹಾಕೀರಿ. ಇವತ್ತು ಬುಧವಾರ."

ನೋಡಿದೆ. ಹೌದು, ಬುಧವಾರ.

"ನಾಳೆ ಬರ್ರಿ. ಚಾ ಮಾಡಿಟ್ಟಿರ್ತೀನಿ, ಸಕ್ರಿ ಕಡಿಮಿ ಹಾಕಿ" ಅಂದು ಬಾಗಿಲು ಹಾಕಿಕೊಂಡಳು. ನಾನು ತೇವ ಅಳೆಯುವ ಮೀಟರನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ.