ಹಳೇ ಹೆಂಚಿನ ಹೊಸ ಮಾಡು

ಇವತ್ತು ಊಟದ ಹೊತ್ತಲ್ಲಿ ಒಂದು ಫೋಟೋ ಕಣ್ಣಿಗೆ ಬಿತ್ತು.
ಹಾಂಗ್‌ಝೌನ ಚೀನಾ ಕಲಾ ಅಕಾಡೆಮಿ, ಶಿಯಾಂಗ್‌ಶಾನ್ ಕ್ಯಾಂಪಸ್. ಮಾಡಿನ ತುಂಬ ಬೂದು ಹೆಂಚು.

ಕೆಡವಿದ ಹಳೇ ಮನೆಗಳಿಂದ ಆಯ್ದು ತಂದವು. 20 ಲಕ್ಷಕ್ಕೂ ಹೆಚ್ಚು!
ಯಾರದೋ ಅಜ್ಜಿ ಮನೆಯ ಹೆಂಚಿನ ಕೆಳಗೆ ಇವತ್ತು ಯಾವುದೋ ಹುಡುಗಿ ಚಿತ್ರ ಬರೀತಿರ್ತಾಳೆ. ಅದನ್ನ ನೆನೆಸಿಕೊಂಡ್ರೇ ಖುಷಿ.

ಈ ಶಾಲೆಗೂ ನೆಲೆ ತಪ್ಪಿದ ನೋವು ಗೊತ್ತು.
1928ರಲ್ಲಿ ಪಶ್ಚಿಮ ಸರೋವರದ ದಂಡೇಲಿ ಶುರುವಾಯ್ತು. ಶಿಕ್ಷಣ ತಜ್ಞ ಕಾಯ್ ಯುವಾನ್‌ಪೈ ಕನಸು. ಮೊದಲ ಮುಖ್ಯಸ್ಥ ಚಿತ್ರಕಾರ ಲಿನ್ ಫೆಂಗ್‌ಮಿಯನ್, ಆಗಿನ್ನೂ 30 ದಾಟಿರಲಿಲ್ಲ.
ಜಪಾನ್ ಯುದ್ಧ ಬಂತು. ಮೇಷ್ಟ್ರು, ಮಕ್ಕಳು ಎಲ್ಲಾ ಗಂಟುಮೂಟೆ ಕಟ್ಟಿ ಒಳನಾಡಿಗೆ ನಡೆದ್ರು. ಹುನಾನ್, ಕುನ್‌ಮಿಂಗ್, ಚೊಂಗ್‌ಚಿಂಗ್... ಪಾಠ ಮಾತ್ರ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಮತ್ತೆ ಹಾಂಗ್‌ಝೌ.

ಮುಂದೆ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಲಿನ್ ತಮ್ಮ ಚಿತ್ರಗಳನ್ನ ತಾವೇ ನಾಶ ಮಾಡಬೇಕಾಯ್ತು. ಜೈಲೂ ಆಯ್ತು. ಇದನ್ನ ಓದಿದಾಗೆಲ್ಲ ಸಂಕಟ ಆಗುತ್ತೆ.

ಹೆಂಚಿನ ಕ್ಯಾಂಪಸ್ ಕಟ್ಟಿದ್ದು ಅಲ್ಲೇ ಪಾಠ ಹೇಳೋ ವಾಸ್ತುಶಿಲ್ಪಿ ವಾಂಗ್ ಶು, ಜೊತೆಗೆ ಹೆಂಡತಿ ಲು ವೆನ್ಯು. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 2012ರಲ್ಲಿ ವಾಂಗ್ ಒಬ್ಬರಿಗೇ ಬಂತು.
ಲು ಹೆಸರೂ ಇರಬೇಕಿತ್ತು. ನಿಮಗೇನನ್ಸುತ್ತೆ?